ಪಗಾರದಲ್ಲಿ ನೂರು ರೂಪಾಯಿ ‘ಯೂನಿಯನ್’ ಕಟ್: ಕೊಡಲೇಬೇಕಾ?

ಜನವರಿ ಮೊದಲ ವಾರ, ರಾತ್ರಿ ಹತ್ತೂವರೆಗೆ ಅಕ್ಕನ ಮಗನ ಫೋನು ಬಂತು. ಇಂಡಿ ತಾಲ್ಲೂಕಿನ ಹುಡುಗ. ಪುಣೆ ಹತ್ತಿರದ ಚಾಕಣದಲ್ಲಿ ಗಾಡಿಗಳ ಬಿಡಿಭಾಗ ಮಾಡುವ ಒಂದು ಕಂಪನಿಯಲ್ಲಿ ಎರಡು ವರ್ಷ ಟ್ರೇನಿಯಾಗಿದ್ದು, ನವೆಂಬರಿನಲ್ಲಷ್ಟೇ ಪರ್ಮನೆಂಟ್ ಆಗಿದ್ದಾನೆ.

“ಮಾಮಾ, ಪಗಾರದಾಗ ನೂರು ರೂಪಾಯಿ ಕಟ್ ಮಾಡ್ಯಾರ. ಯೂನಿಯನ್ ಅಂತ ಬರದಾರ. ನಾ ಯಾವ ಯೂನಿಯನ್ನಿಗೂ ಸೇರಿಲ್ಲ. ಹೊಸ ಕಾನೂನು ಬಂದದ, ಎಲ್ಲಾರೂ ಸೇರಲೇಬೇಕು ಅಂತ ಗ್ರೂಪಿನಾಗ ಹಾಕ್ಯಾರ. ಖರೇನ?”

ಜೊತೆಗೆ ಒಂದು ಮರಾಠಿ ಮೆಸೇಜನ್ನೂ ಕಳಿಸಿದ್ದ. ಲೇಬರ್ ಕೋಡ್ ಜಾರಿಗೆ ಬಂದಿದೆ, ಇನ್ನು ಪ್ರತಿಯೊಬ್ಬ ಕಾಮಗಾರನೂ ಯೂನಿಯನ್ ಸದಸ್ಯನಾಗುವುದು ಕಡ್ಡಾಯ, ಇಲ್ಲದಿದ್ದರೆ ಕೆಲಸ ಹೋಗುತ್ತೆ ಅಂತ ಅದರಲ್ಲಿತ್ತು. ಮೊದಲ ಮಾತು ನಿಜ. ಹಳೇ ಕಾರ್ಮಿಕ ಕಾಯ್ದೆಗಳನ್ನು ಒಟ್ಟುಗೂಡಿಸಿದ ಕೇಂದ್ರದ ನಾಲ್ಕು ಲೇಬರ್ ಕೋಡ್‌ಗಳು 2025ರ ನವೆಂಬರ್ 21ರಂದು ಜಾರಿಗೆ ಬಂದಿವೆ. ಉಳಿದದ್ದೆಲ್ಲ ಯಾರೋ ಸುಮ್ನೆ ಸೇರಿಸಿದ್ದು.

ನಾನು ವಕೀಲನಲ್ಲ. ಭೋಸರಿಯಲ್ಲಿ ಸಣ್ಣ ವರ್ಕ್‌ಶಾಪುಗಳ ಪಗಾರದ ಲೆಕ್ಕ, ಪಿಎಫ್ ರಿಟರ್ನು ಮಾಡಿಕೊಂಡು ಹೊಟ್ಟೆ ಹೊರೆಯುವವನು. ಈ ಪ್ರಶ್ನೆ ಕಳೆದ ಎರಡು ತಿಂಗಳಲ್ಲಿ ಹತ್ತಾರು ಸಲ ಬಂದಿರೋದ್ರಿಂದ ಒಮ್ಮೆ ಬರೆದೇ ಬಿಡೋಣ ಅಂತ ಕೂತಿದ್ದೇನೆ.

ಮೊದಲು ಸ್ಲಿಪ್ ಓದೋಣ

ಹುಡುಗನ ಡಿಸೆಂಬರ್ ಸ್ಲಿಪ್ಪಿನಲ್ಲಿ ಕಡಿತದ ಸಾಲುಗಳು ಐದು. ಪಿಎಫ್ ಶೇ. 12. ಇಎಸ್‌ಐ ಶೇ. 0.75, ಇದು ತಿಂಗಳಿಗೆ 21,000 ರೂಪಾಯಿವರೆಗಿನ ಪಗಾರದವರಿಗೆ ಮಾತ್ರ. ಮೂರನೆಯದು ಪ್ರೊಫೆಷನ್ ಟ್ಯಾಕ್ಸ್, ತಿಂಗಳಿಗೆ 200. ಫೆಬ್ರವರಿಯಲ್ಲಿ ಮಾತ್ರ 300 ಹೋಗುತ್ತೆ, ಅಲ್ಲಿಗೆ ವರ್ಷಕ್ಕೆ ಸರಿಯಾಗಿ 2,500. ಪ್ರತಿ ಫೆಬ್ರವರಿಯಲ್ಲೂ ‘ನೂರು ರೂಪಾಯಿ ಜಾಸ್ತಿ ಹೊಡೆದರು’ ಅಂತ ಯಾರಾದರೂ ಜಗಳ ತೆಗೆದೇ ತೆಗೆಯುತ್ತಾರೆ.

ನಾಲ್ಕನೇ ಸಾಲು ಎಂಎಲ್‌ಡಬ್ಲ್ಯೂಎಫ್. ಇದು ಮಹಾರಾಷ್ಟ್ರ ಕಾಮಗಾರ ಕಲ್ಯಾಣ ನಿಧಿ. ಜೂನ್ ಮತ್ತು ಡಿಸೆಂಬರಿನಲ್ಲಿ ಮಾತ್ರ ಕಾಣುವ ಸಣ್ಣ ಮೊತ್ತ. ಕಾರ್ಮಿಕನದು ಒಂದು ಪಾಲು, ಮಾಲೀಕನದು ಅದಕ್ಕಿಂತ ದೊಡ್ಡ ಪಾಲು. ಹಿಂದೆ 1953ರ ಕಾಯ್ದೆ ಇದೆ, ಹಾಗಾಗಿ ಬೇಡ ಅನ್ನುವ ಹಾಗಿಲ್ಲ. ಇದನ್ನೇ ಯೂನಿಯನ್ ದುಡ್ಡು ಅಂದುಕೊಳ್ಳುವವರು ಬೇಕಾದಷ್ಟು ಜನ ಇದ್ದಾರೆ. ಅಲ್ಲ. ಯೂನಿಯನ್ನಿಗೂ ಇದಕ್ಕೂ ಸಂಬಂಧವೇ ಇಲ್ಲ.

ಐದನೇ ಸಾಲು ‘ಯೂನಿಯನ್ ಸಬ್., 100’, ಅಂದರೆ ಯೂನಿಯನ್ ಸದಸ್ಯತ್ವದ ಶುಲ್ಕ. ಮೊದಲ ನಾಲ್ಕಕ್ಕೆ ನಿಮ್ಮ ಒಪ್ಪಿಗೆ ಯಾರೂ ಕೇಳಲ್ಲ. ಐದನೆಯದಕ್ಕೆ ಕೇಳಲೇಬೇಕು.

ಯೂನಿಯನ್ ಅಂದ್ರೆ ಏನು, ವರ್ಗಣಿ ಎಷ್ಟು

ಒಂದೇ ಕಡೆ ಕೆಲಸ ಮಾಡುವವರು ಒಟ್ಟಾಗಿ, ಮಾಲೀಕನ ಜೊತೆ ಒಬ್ಬೊಬ್ಬರೇ ಗುದ್ದಾಡುವ ಬದಲು ಎಲ್ಲರ ಪರವಾಗಿ ಮಾತಾಡಲು ಕಟ್ಟಿಕೊಂಡ ಸಂಘ. ಅಷ್ಟೇ. ಸರ್ಕಾರದಲ್ಲಿ ನೋಂದಾಯಿಸಿದರೆ ಅದಕ್ಕೆ ಕಾನೂನಿನ ರಕ್ಷಣೆ ಸಿಗುತ್ತೆ. 1926ರ ಟ್ರೇಡ್ ಯೂನಿಯನ್ ಕಾಯ್ದೆಯಲ್ಲಿ ಮೊದಲು ಏಳು ಜನ ಸೇರಿದರೆ ಸಾಕಿತ್ತು. 2001ರ ತಿದ್ದುಪಡಿಯ ಮೇಲೆ ಕಾರ್ಮಿಕರಲ್ಲಿ ಶೇ. 10ರಷ್ಟು ಅಥವಾ 100 ಜನ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಜನ ಬೇಕು, ಏಳಕ್ಕಿಂತ ಕಡಿಮೆ ಆಗಬಾರದು ಅಂತಾಯಿತು. ಹೊಸ ನಾಲ್ಕು ಕೋಡ್‌ಗಳಲ್ಲಿ ಒಂದಾದ ಇಂಡಸ್ಟ್ರಿಯಲ್ ರಿಲೇಷನ್ಸ್ ಕೋಡ್ ಆ ಹಳೇ ಕಾಯ್ದೆಯನ್ನು ತೆಗೆದು ಹಾಕಿದೆ, ಆದರೆ ಈ ಲೆಕ್ಕವನ್ನು ಹಾಗೇ ಉಳಿಸಿಕೊಂಡಿದೆ.

ಮುಂಬೈ ಕನ್ನಡಿಗರಿಗೆ ಇದೇನೂ ಹೊಸದಲ್ಲ. ಮಂಗಳೂರಿನಿಂದ ಬಂದ ಜಾರ್ಜ್ ಫರ್ನಾಂಡಿಸ್ ಮುಂಬೈಯಲ್ಲಿ ಮೊದಲು ಹೆಸರು ಮಾಡಿದ್ದೇ ಹೋಟೆಲ್ ಹುಡುಗರು, ಟ್ಯಾಕ್ಸಿಯವರು, ಮುನಿಸಿಪಾಲಿಟಿ ಕೆಲಸದವರನ್ನು ಸಂಘಟಿಸಿ. ಉಡುಪಿ ಹೋಟೆಲುಗಳಲ್ಲಂತೂ ಗಲ್ಲಾದಲ್ಲಿ ಕೂತವರೂ ಪ್ಲೇಟು ಎತ್ತುವವರೂ ಒಂದೇ ಕರಾವಳಿಯವರು. ಊರಲ್ಲಿ ನೆಂಟರು, ಇಲ್ಲಿ ಸೇಠು ಮತ್ತು ಕಾಮಗಾರ!

ಸದಸ್ಯರು ಕೊಡುವ ಹಣವನ್ನು ಇಲ್ಲಿ ಎಲ್ಲರೂ ‘ವರ್ಗಣಿ’ ಅಂತಲೇ ಕರೆಯೋದು, ಗಣಪತಿ ಮಂಡಳಕ್ಕೆ ಕೊಡ್ತೀವಲ್ಲ, ಅದೇ ಮಾತು. ಎಷ್ಟು ವರ್ಗಣಿ ಅಂತ ಕಾನೂನು ಹೇಳಲ್ಲ, ಎಷ್ಟಕ್ಕಿಂತ ಕಡಿಮೆ ಇರಬಾರದು ಅಂತ ಹೇಳುತ್ತೆ. 1926ರ ಕಾಯ್ದೆಯಲ್ಲಿ ಕಾರ್ಖಾನೆ ಕೆಲಸಗಾರನಿಗೆ ಆ ಕನಿಷ್ಠ ಮೊತ್ತ ವರ್ಷಕ್ಕೆ 12 ರೂಪಾಯಿ ಇತ್ತು. ಅಸಂಘಟಿತ ಕೆಲಸಗಾರನಿಗೆ 3, ಹಳ್ಳಿ ಕೂಲಿಯವರಿಗೆ 1. ನೂರೋ ಇನ್ನೂರೋ ಅನ್ನೋದನ್ನು ಯೂನಿಯನ್ ತನ್ನ ನಿಯಮದ ಪ್ರಕಾರ ತೀರ್ಮಾನ ಮಾಡುತ್ತೆ. ಹಣ ಆಫೀಸು ಖರ್ಚಿಗೆ, ಕೋರ್ಟು ಕೇಸಿಗೆ, ಸದಸ್ಯರ ಕಷ್ಟಕ್ಕೆ ಹೋಗಬೇಕು. ರಾಜಕೀಯಕ್ಕೆ ಬೇಕಿದ್ದರೆ ಬೇರೆಯೇ ನಿಧಿ ಇಡಬೇಕು. ಅದಕ್ಕೆ ಕೊಡಿ ಅಂತ ಸದಸ್ಯನನ್ನೂ ಒತ್ತಾಯಿಸುವ ಹಾಗಿಲ್ಲ, ಕೊಡಲಿಲ್ಲ ಅಂತ ಅವನನ್ನು ದೂರ ಇಡುವ ಹಾಗೂ ಇಲ್ಲ.

ಸೇರಲೇಬೇಕು ಅಂತ ಎಲ್ಲೂ ಬರೆದಿಲ್ಲ

ಸಂವಿಧಾನದ 19(1)(ಸಿ) ಸಂಘ ಕಟ್ಟುವ ಹಕ್ಕು ಕೊಡುತ್ತೆ. ಅದು ಹಕ್ಕು, ಕರ್ತವ್ಯವಲ್ಲ. ಇನ್ನೂ ನೇರವಾದ ಮಾತು ಮಹಾರಾಷ್ಟ್ರದ 1971ರ ಒಂದು ಕಾಯ್ದೆಯಲ್ಲಿದೆ. ಯೂನಿಯನ್ ಮಾನ್ಯತೆ ಮತ್ತು ಅನುಚಿತ ಕಾರ್ಮಿಕ ಪದ್ಧತಿ ತಡೆ ಕಾಯ್ದೆ ಅಂತ ಅದರ ಉದ್ದನೆ ಹೆಸರು, ಪುಣೆ-ಮುಂಬೈಯ ಗೇಟ್ ಮೀಟಿಂಗುಗಳಲ್ಲಿ ‘ಎಂಆರ್‌ಟಿಯು’ ಅಂದರೆ ಸಾಕು. ಯೂನಿಯನ್ ಸೇರಿದ್ದಕ್ಕೆ ಕೆಲಸದಿಂದ ತೆಗೀತೀನಿ ಅಂತ ಮಾಲೀಕ ಹೆದರಿಸಿದರೆ ಅದು ಅನುಚಿತ ಪದ್ಧತಿ. ಸೇರು ಅಂತಲೋ ಸೇರಬೇಡ ಅಂತಲೋ ಯೂನಿಯನ್ ಬಲವಂತ ಮಾಡಿದರೆ ಅದೂ ಅನುಚಿತ ಪದ್ಧತಿ. ಎರಡೂ ಕಡೆಗೂ ಒಂದೇ ತೂಕ. ದೂರು ಇದ್ದರೆ ಘಟನೆಯಾದ 90 ದಿನದೊಳಗೆ ಕೋರ್ಟಿಗೆ ಕೊಡಬೇಕು. ಹೊಸ ಕೇಂದ್ರ ಕೋಡಿನಲ್ಲೂ ಇದೇ ಅರ್ಥದ ಸಾಲು ಇದೆ. ಗೋವಾದವರಿಗೆ ಈ ಮಹಾರಾಷ್ಟ್ರ ಕಾಯ್ದೆ ಅನ್ವಯಿಸಲ್ಲ, ಅವರು ಕೇಂದ್ರದ ಕಾನೂನನ್ನೇ ನೋಡಬೇಕು.

ಕಡ್ಡಾಯ ಮಾಡೋಣವೇ ಅನ್ನುವ ಯೋಚನೆ ನಮ್ಮಲ್ಲೂ ಬಂದಿತ್ತು. 1966ರಲ್ಲಿ ನೇಮಕವಾದ ಮೊದಲ ರಾಷ್ಟ್ರೀಯ ಕಾರ್ಮಿಕ ಆಯೋಗ ಅದನ್ನು ಕೂಲಂಕಷವಾಗಿ ನೋಡಿತು. ಅಧ್ಯಕ್ಷರಾಗಿದ್ದವರು ಸುಪ್ರೀಂ ಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ ಪಿ.ಬಿ. ಗಜೇಂದ್ರಗಡ್ಕರ್. ಹೆಸರಲ್ಲೇ ನಮ್ಮ ಗಜೇಂದ್ರಗಡ ಇದೆ, ಓದಿನ ಒಂದು ಭಾಗ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ. ಯೂನಿಯನ್ ಸದಸ್ಯನಿಗೆ ಮಾತ್ರ ಕೆಲಸ ಅನ್ನುವ ಪದ್ಧತಿ ನಮಗೆ ಹೊಂದಲ್ಲ, ಅದು ಮೂಲಭೂತ ಹಕ್ಕಿಗೇ ವಿರುದ್ಧ ಅಂತ ಆಯೋಗ 1969ರ ವರದಿಯಲ್ಲಿ ಹೇಳಿತು.

ಹಾಗಾದ್ರೆ ಪಗಾರದಿಂದ ಹೇಗೆ ಕತ್ತರಿಸಿದರು?

ಹಿಂದೆ ಪಗಾರದ ದಿನ ಯೂನಿಯನ್ನಿನವರು ಗೇಟಿನ ಹತ್ತಿರ ಪುಸ್ತಕ ಹಿಡಿದು ನಿಲ್ಲುತ್ತಿದ್ದರು. ದುಡ್ಡು ಕೊಟ್ಟರೆ ಚೀಟಿ ಹರಿದು ಕೊಡುವರು. ಆ ಚೀಟಿಗೆ ಮರಾಠಿಯಲ್ಲಿ ‘ಪಾವತಿ’. ಕನ್ನಡದಲ್ಲಿ ಪಾವತಿ ಅಂದರೆ ದುಡ್ಡು ಕಟ್ಟೋದು, ಇಲ್ಲಿ ಕಟ್ಟಿದ್ದಕ್ಕೆ ಸಿಗೋ ರಸೀದಿ. ಊರಿಂದ ಹೊಸದಾಗಿ ಬಂದವರು ‘ಪಾವತಿ ತಗೊಂಡ್ರಾ?’ ಅಂತ ಕೇಳಿದರೆ ಇನ್ನೊಮ್ಮೆ ದುಡ್ಡು ಕೇಳ್ತಿದ್ದಾರೆ ಅಂದುಕೊಂಡು ಗಾಬರಿಯಾಗೋದನ್ನು ನಾನೇ ನೋಡಿದ್ದೇನೆ. ಮಾನ್ಯತೆ ಪಡೆದ ಯೂನಿಯನ್ನಿಗೆ ಪಗಾರ ಕೊಡುವ ಜಾಗದಲ್ಲೇ ವರ್ಗಣಿ ಎತ್ತುವ ಹಕ್ಕನ್ನೂ 1971ರ ಕಾಯ್ದೆ ಕೊಟ್ಟಿದೆ.

ಪಗಾರ ಬ್ಯಾಂಕಿಗೆ ಬರಲು ಶುರುವಾದ ಮೇಲೆ ಗೇಟಿನಲ್ಲಿ ಪುಸ್ತಕ ಹಿಡಿದು ಏನು ಪ್ರಯೋಜನ? ಅದಕ್ಕೇ ಬೇರೆ ದಾರಿ. ಕಂಪನಿಯೇ ಪಗಾರದಿಂದ ಕತ್ತರಿಸಿ ಯೂನಿಯನ್ ಖಾತೆಗೆ ಹಾಕುತ್ತೆ. ಇದಕ್ಕೆ ‘ಚೆಕ್ ಆಫ್’ ಅಂತಾರೆ. ಮೊಬೈಲಿನ ಆಟೋ ಪೇ ಇದ್ದ ಹಾಗೆ. ನೀವು ಒಮ್ಮೆ ಹೂಂ ಅಂದಿರಬೇಕು, ಆಮೇಲೆ ತಿಂಗಳು ತಿಂಗಳು ತಾನಾಗಿ ಹೋಗುತ್ತೆ. ಆ ‘ಹೂಂ’ ಲಿಖಿತದಲ್ಲೇ ಇರಬೇಕು, ಬಾಯಿಮಾತು ನಡೆಯಲ್ಲ. ನೋಂದಾಯಿತ ಯೂನಿಯನ್ನಿನ ಶುಲ್ಕ ಕತ್ತರಿಸಲು ಕಾರ್ಮಿಕನ ಲಿಖಿತ ಒಪ್ಪಿಗೆ ಬೇಕು ಅಂತ 1936ರ ಪೇಮೆಂಟ್ ಆಫ್ ವೇಜಸ್ ಕಾಯ್ದೆಯಲ್ಲೂ ಇತ್ತು, ಈಗಿನ ವೇತನ ಕೋಡಿನಲ್ಲೂ ಇದೆ. ಹಳೆಯದು 24,000 ರೂಪಾಯಿವರೆಗಿನ ಪಗಾರದವರಿಗೆ ಮಾತ್ರ ಅನ್ವಯಿಸುತ್ತಿತ್ತು, ಹೊಸದರಲ್ಲಿ ಆ ಗೆರೆ ಇಲ್ಲ. ಎಲ್ಲ ಕಡಿತ ಸೇರಿದರೂ ಪಗಾರದ ಅರ್ಧ ದಾಟಬಾರದು.

ಅಂದರೆ ಹುಡುಗನ ನೂರು ರೂಪಾಯಿ ಹೋಗಿದೆ ಅಂದ ಮೇಲೆ ಎರಡರಲ್ಲಿ ಒಂದು. ಕಂಪನಿ ತಪ್ಪು ಮಾಡಿದೆ, ಇಲ್ಲಾ ಇವನು ಎಲ್ಲೋ ಸಹಿ ಹಾಕಿದ್ದಾನೆ. ‘ಇಲ್ಲ ಮಾಮಾ, ಹಾಕೇ ಇಲ್ಲ’ ಅಂದ. ಪರ್ಮನೆಂಟ್ ಲೆಟರ್ ಕೊಟ್ಟ ದಿನ ಎಷ್ಟು ಕಾಗದಕ್ಕೆ ಸಹಿ ಹಾಕಿದೆ ಅಂತ ಕೇಳಿದೆ. ಆ ಕಡೆ ಸದ್ದಿಲ್ಲ.

ಸೇರದವನಿಗೂ ಪಗಾರ ಏರುತ್ತೆ, ತಕರಾರು ಅಲ್ಲೇ

ಸೇರೋದು ಬಿಡೋದು ನಿಮ್ಮಿಷ್ಟ ಅಂದ ಮೇಲೆ ಯೂನಿಯನ್ನಿನವರು ಯಾಕೆ ಇಷ್ಟು ಬೆನ್ನು ಹತ್ತುತ್ತಾರೆ? ಚಾಳಿನ ಗಣಪತಿ ನೆನಪು ಮಾಡಿಕೊಳ್ಳಿ. ನಲವತ್ತು ಮನೆಯಲ್ಲಿ ಮೂವತ್ತು ಮನೆ ವರ್ಗಣಿ ಕೊಡುತ್ತೆ. ಮಂಟಪ, ದೀಪ, ಪ್ರಸಾದ ಮಾತ್ರ ನಲವತ್ತಕ್ಕೂ. ಕೊಡದವನ ಮನೆ ಮುಂದೆ ದೀಪ ಆರಿಸೋಕಾಗಲ್ಲ. ಮುಂದಿನ ವರ್ಷ ಇನ್ನೂ ಐದು ಮನೆ ‘ಅವನು ಕೊಟ್ಟಿಲ್ಲ, ನಾನ್ಯಾಕೆ’ ಅನ್ನುತ್ತೆ.

ಕಾರ್ಖಾನೆಯಲ್ಲೂ ಇದೇ ಕತೆ. ಮೂರು ವರ್ಷಕ್ಕೊಮ್ಮೆ ಪಗಾರದ ಅಗ್ರಿಮೆಂಟ್ ಆಯ್ತು ಅನ್ನಿ. ಲೇಬರ್ ಆಫೀಸರ್ ಮುಂದೆ ಸಂಧಾನದಲ್ಲಿ ಆದ ಒಪ್ಪಂದ ಅಲ್ಲಿನ ಎಲ್ಲ ಕಾರ್ಮಿಕರಿಗೂ, ನಾಳೆ ಸೇರುವವರಿಗೂ ಅನ್ವಯಿಸುತ್ತೆ. ಮೆಂಬರೋ ಅಲ್ಲವೋ ಲೆಕ್ಕಕ್ಕಿಲ್ಲ. ಹಾಗಾಗಿ ವರ್ಷಗಟ್ಟಲೆ ವರ್ಗಣಿ ಕೊಟ್ಟು, ಗೇಟಿನಲ್ಲಿ ಬಿಸಿಲಲ್ಲಿ ಕೂತವನಿಗೂ, ಒಂದು ಪೈಸೆ ಕೊಡದೆ ಮನೆಯಲ್ಲಿದ್ದವನಿಗೂ ಅದೇ ಏರಿಕೆ, ಅದೇ ಅರಿಯರ್ಸ್. ಕೊಟ್ಟವನಿಗೆ ಹೊಟ್ಟೆ ಉರಿಯದೆ ಇರುತ್ತಾ? ಕೊಡದವನದೂ ಒಂದು ಮಾತಿದೆ: ನನಗೆ ಆ ಲೀಡರ್ ಮೇಲೆ ನಂಬಿಕೆ ಇಲ್ಲ, ನನ್ನ ದುಡ್ಡು ಅವನಿಗ್ಯಾಕೆ? ಇಬ್ಬರ ಮಾತೂ ತೆಗೆದುಹಾಕುವಂಥದ್ದಲ್ಲ.

ಕೆಲವು ದೇಶಗಳು ಇದಕ್ಕೆ ಬೇರೆ ಬೇರೆ ಮದ್ದು ಹುಡುಕಿವೆ. ವಾಟ್ಸಾಪಿನ ಗೊಂದಲ ಅರ್ಧ ಅಲ್ಲಿಂದಲೇ ಬಂದಿರಬಹುದು ಅಂತ ನನ್ನ ಅನುಮಾನ. ‘ಕ್ಲೋಸ್ಡ್ ಶಾಪ್’ ಅಂದರೆ ಮೊದಲು ಮೆಂಬರ್ ಆಗು, ಆಮೇಲೆ ಕೆಲಸ. ಅಮೆರಿಕ ಇದನ್ನು 1947ರಲ್ಲೇ ನಿಷೇಧಿಸಿತು. ಬ್ರಿಟನ್ 1980ರ ದಶಕದಿಂದ ಹಂತ ಹಂತವಾಗಿ ಬಿಗಿ ಮಾಡಿ 1990ರಲ್ಲಿ ಕೊನೆ ಮಾಡಿತು. ‘ಯೂನಿಯನ್ ಶಾಪ್’ ಅಂದರೆ ಕೆಲಸಕ್ಕೆ ಸೇರಿಕೋ, ಇಂತಿಷ್ಟು ದಿನದಲ್ಲಿ ಮೆಂಬರ್ ಆಗು. ಮೂರನೆಯದು ನನಗೆ ಹೌಸಿಂಗ್ ಸೊಸೈಟಿಯ ಮೇಂಟೆನೆನ್ಸ್ ಹಾಗೆ ಕಾಣುತ್ತೆ. ಕಮಿಟಿ ಮೀಟಿಂಗಿಗೆ ಬರಬೇಡ, ಆದರೆ ಲಿಫ್ಟಿನ ಖರ್ಚು ಕೊಡು. ಗ್ರೌಂಡ್ ಫ್ಲೋರಿನವನೂ ಕೊಡಬೇಕು! ಕೆನಡಾದಲ್ಲಿ ಇದಕ್ಕೆ ರ‍್ಯಾಂಡ್ ಫಾರ್ಮುಲಾ ಅಂತಾರೆ. ಫೋರ್ಡ್ ಕಾರ್ಖಾನೆಯ ಮುಷ್ಕರ ಬಗೆಹರಿಸಲು ಕೂತ ನ್ಯಾಯಮೂರ್ತಿ ಐವನ್ ರ‍್ಯಾಂಡ್ 1946ರಲ್ಲಿ ಕೊಟ್ಟ ತೀರ್ಪು ಅದು. ಸದಸ್ಯನಾಗೋದು ಇಷ್ಟ, ಶುಲ್ಕ ಎಲ್ಲರಿಗೂ.

ಅಮೆರಿಕದಲ್ಲಿ ಇದೇ ಶುಲ್ಕದ ಮೇಲೆ ದಶಕಗಟ್ಟಲೆ ಕೇಸು ನಡೆದು, ಸರ್ಕಾರಿ ನೌಕರರಿಂದ ಒಪ್ಪಿಗೆ ಇಲ್ಲದೆ ವಸೂಲಿ ಮಾಡಬಾರದು ಅಂತ ಅಲ್ಲಿನ ಸುಪ್ರೀಂ ಕೋರ್ಟು 2018ರಲ್ಲಿ 5-4 ಮತಗಳಿಂದ ಹೇಳಿತು. ಖಾಸಗಿ ಕಂಪನಿಗಳಲ್ಲಿ ರಾಜ್ಯಕ್ಕೊಂದು ನಿಯಮ. ಇವತ್ತು 26 ರಾಜ್ಯಗಳಲ್ಲಿ ಕಡ್ಡಾಯ ಶುಲ್ಕ ಇಲ್ಲ.

ನಮ್ಮದು ಗಣಪತಿ ವರ್ಗಣಿ ಪದ್ಧತಿ. ಕೇಳಬಹುದು, ಕಿತ್ತುಕೊಳ್ಳುವ ಹಾಗಿಲ್ಲ.

ನಿಮ್ಮ ಪರವಾಗಿ ಮಾತಾಡೋದು ಯಾರು?

ಇದು ಹೆಚ್ಚಿನವರು ಕೇಳದ ಪ್ರಶ್ನೆ. ನನ್ನ ಪ್ರಕಾರ ನೂರು ರೂಪಾಯಿಗಿಂತ ದೊಡ್ಡ ಪ್ರಶ್ನೆ ಇದೇ.

400 ಕಾರ್ಮಿಕರಿರುವ ಕಾರ್ಖಾನೆ ಅಂದುಕೊಳ್ಳಿ. ಯೂನಿಯನ್ ನೋಂದಣಿಗೆ 40 ಜನ ಸಾಕು. ಆದರೆ ನೋಂದಣಿ ಆದ ಮಾತ್ರಕ್ಕೆ ಮಾಲೀಕ ಮಾತಿಗೆ ಕರೆಯಲ್ಲ. ಮಾನ್ಯತೆ ಬೇಕು. 1971ರ ಕಾಯ್ದೆ ಪ್ರಕಾರ 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಡೆ, ಹಿಂದಿನ ಆರು ತಿಂಗಳೂ ಶೇ. 30ರಷ್ಟು ಸದಸ್ಯರಿದ್ದ ಯೂನಿಯನ್ ಇಂಡಸ್ಟ್ರಿಯಲ್ ಕೋರ್ಟಿಗೆ ಅರ್ಜಿ ಹಾಕಬಹುದು. ನಮ್ಮ ಲೆಕ್ಕದಲ್ಲಿ 120 ಜನ. ಎರಡು ಮೂರು ಯೂನಿಯನ್ ಪೈಪೋಟಿಗೆ ಬಂದರೆ ಯಾರ ಹತ್ತಿರ ಸದಸ್ಯರು ಜಾಸ್ತಿಯೋ ಅವರಿಗೆ. ಕೇಂದ್ರದ ಹೊಸ ಕೋಡಿನಲ್ಲಿ ಲೆಕ್ಕ ಬೇರೆ. ಶೇ. 51 ಇದ್ದವರೇ ಮಾತುಕತೆಗೆ ಕೂರುವ ಏಕೈಕ ಯೂನಿಯನ್, ಅಂದರೆ 204 ಜನ. ಯಾರಿಗೂ ಅಷ್ಟಿಲ್ಲದಿದ್ದರೆ ಕನಿಷ್ಠ ಶೇ. 20 ಇರುವ ಯೂನಿಯನ್‌ಗಳೆಲ್ಲ ಸೇರಿ ಒಂದು ಕೌನ್ಸಿಲ್. ಆ ಕೋಡು ರದ್ದು ಮಾಡಿದ್ದು ಮೂರು ಕೇಂದ್ರ ಕಾಯ್ದೆಗಳನ್ನು, ಆ ಪಟ್ಟಿಯಲ್ಲಿ ಮಹಾರಾಷ್ಟ್ರದ ಈ ಕಾಯ್ದೆ ಇಲ್ಲ.

ಮಾನ್ಯತೆ ಇಲ್ಲದ ಯೂನಿಯನ್ನಿಗೆ ಏನೂ ಇಲ್ಲವೇ ಅಂದರೆ, ಸ್ವಲ್ಪ ಇದೆ. ತನ್ನ ಸದಸ್ಯನನ್ನು ಕೆಲಸದಿಂದ ತೆಗೆದರೆ, ಸಸ್ಪೆಂಡ್ ಮಾಡಿದರೆ ಮಾಲೀಕನ ಹತ್ತಿರ ಮಾತಾಡಬಹುದು, ಒಳಗಿನ ವಿಚಾರಣೆಯಲ್ಲಿ ಅವನ ಪರ ನಿಲ್ಲಬಹುದು. ಎಲ್ಲರ ಪಗಾರದ ಮಾತು ಮಾತ್ರ ಮಾನ್ಯತೆ ಇದ್ದವರದ್ದು.

ಈ ಗೆರೆ ಎಷ್ಟು ಗಟ್ಟಿ ಅನ್ನೋದನ್ನು ಮುಂಬೈಯ ಬಟ್ಟೆ ಗಿರಣಿಗಳ ಪ್ರದೇಶ ಗಿರಣಗಾಂವ್ ನೋಡಿದೆ. ಬಟ್ಟೆ ಗಿರಣಿಗಳಿಗೆ 1946ರ ಬೇರೆ ಕಾಯ್ದೆ ಇತ್ತು. ಅದರಡಿ ಮುಂಬೈ ಗಿರಣಿ ಕಾರ್ಮಿಕರೆಲ್ಲರ ಪರವಾಗಿ ಮಾತಾಡುವ ಅಧಿಕಾರ ರಾಷ್ಟ್ರೀಯ ಮಿಲ್ ಮಜ್ದೂರ್ ಸಂಘಕ್ಕೆ ಮಾತ್ರ. 1982ರ ಜನವರಿ 18ರಂದು ಬೇರೆ ಬಣದ ಕಾರ್ಮಿಕ ನಾಯಕ ಡಾ. ದತ್ತಾ ಸಾಮಂತರ ಹಿಂದೆ ಸುಮಾರು ಎರಡೂವರೆ ಲಕ್ಷ ಜನ ಕೆಲಸ ನಿಲ್ಲಿಸಿದರು. ಬೀದಿಯಲ್ಲಿ ಜನ ಸಾಮಂತರ ಜೊತೆ, ಕಾನೂನಿನ ಕಾಗದದಲ್ಲಿ ಹೆಸರು ಮಾತ್ರ ಇನ್ನೊಂದು ಸಂಘದ್ದು. ಆ ಕಾಯ್ದೆಯನ್ನೇ ತೆಗೆಯಿರಿ ಅನ್ನೋದೂ ಮುಷ್ಕರದ ಒಂದು ಬೇಡಿಕೆಯಾಗಿತ್ತು. ಮಾಲೀಕರು ಸಾಮಂತರ ಜೊತೆ ಒಪ್ಪಂದಕ್ಕೆ ಕೂರಲಿಲ್ಲ. ವರ್ಷ ಕಳೆಯಿತು. ಮುಷ್ಕರ ಮುಗಿಯಿತು ಅಂತ ಯಾರೂ ಅಧಿಕೃತವಾಗಿ ಘೋಷಿಸಲೇ ಇಲ್ಲ. ಗಿರಣಿಗಳು ಸೋತಿದ್ದಕ್ಕೆ ಇನ್ನೂ ಬೇಕಾದಷ್ಟು ಕಾರಣ ಇವೆ. ಆದರೆ ಯಾರನ್ನು ಮಾತಿಗೆ ಕರೆಯಬೇಕು ಅನ್ನುವ ಪ್ರಶ್ನೆಯಲ್ಲೇ ಎಷ್ಟೋ ಮನೆಗಳ ಒಲೆ ಆರಿತು.

ಹಮಾಲರ ಬೋರ್ಡು ಬೇರೆ

ಗುಲ್ಟೇಕಡಿ ಮಾರ್ಕೆಟ್ ಯಾರ್ಡಿನಲ್ಲೋ ವಾಶಿಯ ಎಪಿಎಂಸಿಯಲ್ಲೋ ಮೂಟೆ ಹೊರುವ ನಮ್ಮ ಕಡೆಯವರು ‘ನಮಗೆ ಕಡ್ಡಾಯ ಐತಲ್ರಿ’ ಅನ್ನಬಹುದು. ಅದು ಮಾಥಾಡಿ ಬೋರ್ಡು. 1969ರ ಕಾಯ್ದೆ ಪ್ರಕಾರ ಮಾಲೀಕನೂ ಹಮಾಲನೂ ಬೋರ್ಡಿನಲ್ಲಿ ಹೆಸರು ಹಚ್ಚಬೇಕು. ಮಾಲೀಕ ಕೂಲಿಯನ್ನೂ ಅದರ ಮೇಲಿನ ಲೆವಿಯನ್ನೂ ಬೋರ್ಡಿಗೆ ಕಟ್ಟುತ್ತಾನೆ, ಬೋರ್ಡು ಹಮಾಲನಿಗೆ ಕೊಡುತ್ತೆ. ಪಿಎಫ್, ಬೋನಸ್ಸು ಇತ್ಯಾದಿ ಆ ಲೆವಿಯಿಂದ. ಬೋರ್ಡು ಸರ್ಕಾರ ರಚಿಸಿದ್ದು, ಅದು ಯೂನಿಯನ್ ಅಲ್ಲ. ಟೋಳಿಯ ಮುಕಾದಮ ಯಾವುದೋ ಯೂನಿಯನ್ನಿನಲ್ಲಿ ಇರಬಹುದು, ನೀವೂ ಅದನ್ನೇ ಸೇರಬೇಕು ಅಂತ ಕಾಯ್ದೆ ಹೇಳಲ್ಲ.

ಅಪ್ರೆಂಟಿಸ್‌ಗಳ ವಿಷಯ ಒಂದು ಮಾತು. ಅಪ್ರೆಂಟಿಸ್ ಕಾಯ್ದೆ ಅವರನ್ನು ಕಲಿಯುವವರು ಅನ್ನುತ್ತೆ, ಕಾರ್ಮಿಕರು ಅನ್ನಲ್ಲ. ಅವರ ಸ್ಟೈಪೆಂಡಿನಿಂದ ಯೂನಿಯನ್ ಹೆಸರಲ್ಲಿ ಏನಾದರೂ ಹೋಗಿದ್ದರೆ ಕೂಡಲೇ ಕೇಳಿ.

ಬೇಡ ಅಂದ್ರೆ ಏನು ಮಾಡಬೇಕು

ಮೊದಲು ಎಚ್‌ಆರ್‌ಗೆ ಹೋಗಿ ನನ್ನ ಒಪ್ಪಿಗೆ ಪತ್ರ ತೋರಿಸಿ ಅನ್ನಿ. ಪತ್ರ ಇಲ್ಲದಿದ್ದರೆ ಕತ್ತರಿಸಿದ್ದು ವಾಪಸ್ ಕೇಳಬಹುದು. ಕೊಡದಿದ್ದರೆ ಲೇಬರ್ ಆಫೀಸು ಇದೆ. ಪತ್ರ ಇದೆ, ಆದರೆ ಈಗ ಬೇಡ ಅನ್ನಿಸಿದರೆ, ‘ಇಂತಿಂಥ ತಿಂಗಳಿಂದ ಕಡಿತ ನಿಲ್ಲಿಸಿ’ ಅಂತ ಬರೆದು ಒಂದು ಪ್ರತಿ ಕಂಪನಿಗೆ, ಒಂದು ಯೂನಿಯನ್ನಿಗೆ ಕೊಡಿ. ಕೊಟ್ಟಿದ್ದಕ್ಕೆ ನಿಮ್ಮ ಪ್ರತಿಯ ಮೇಲೆ ತಾರೀಖು, ಠಸ್ಸೆ ಹಾಕಿಸಿಕೊಳ್ಳಿ. ಇಲ್ಲಿ ಅದಕ್ಕೆ ‘ಪೋಚ್’ ಅಂತಾರೆ. ಪೋಚ್ ಇಲ್ಲದ ಅರ್ಜಿ ಬರೆಯದ ಅರ್ಜಿಗೆ ಸಮ. ಸದಸ್ಯರಾಗಿಯೇ ಇರ್ತೀರಿ ಅಂದರೆ, ಲೆಕ್ಕದ ಪುಸ್ತಕ ನೋಡುವ ಹಕ್ಕು ಸದಸ್ಯನಿಗಿದೆ. ಯೂನಿಯನ್ ವರ್ಷಕ್ಕೊಮ್ಮೆ ರಿಜಿಸ್ಟ್ರಾರ್‌ಗೂ ಲೆಕ್ಕ ಕೊಡಬೇಕು. ಈ ಹಕ್ಕನ್ನು ಬಳಸುವವರು ಬಹಳ ಕಡಿಮೆ. ಲೀಡರನ್ನು ಬೈಯಲು ಟಪ್ಪರಿ ಚಹಾ ಸಾಕು, ಪುಸ್ತಕ ತೆಗೆಸಿ ನೋಡಲು ಒಂದು ರಜೆ ಹೋಗುತ್ತಲ್ಲ.

ನಮ್ಮ ಹುಡುಗ ಹೋದ. ಎಚ್‌ಆರ್ ಫೈಲು ತೆಗೆದು ತೋರಿಸಿದರಂತೆ. ಹದಿನಾಲ್ಕು ಕಾಗದ. ಒಂಬತ್ತನೆಯದು ಮರಾಠಿ ಫಾರಂ, ಕೆಳಗೆ ಕನ್ನಡದಲ್ಲಿ ಇವನದೇ ಸಹಿ. ಸೇಫ್ಟಿ ಶೂ ತಗೊಂಡಿದ್ದಕ್ಕೆ ಹಾಕಿದ್ದು ಅಂದುಕೊಂಡಿದ್ದನಂತೆ.

ಮರುದಿನ ಊಟದ ಹೊತ್ತಿನಲ್ಲಿ ಯೂನಿಯನ್ನಿನ ಖಜಾಂಚಿಯ ಹತ್ತಿರ ಹೋಗಿ ಲೆಕ್ಕ ಕೇಳಿದ. ಲಾತೂರಿನವರಂತೆ ಅವರು, ಮೊದಲು ಗುರ್ ಅಂದು ಆಮೇಲೆ ಪುಸ್ತಕ ತೆಗೆದರು. ಸಸ್ಪೆಂಡ್ ಆದ ಒಬ್ಬನ ಕೇಸಿಗೆ ವಕೀಲರ ಫೀಸು, ನೋಟಿಸ್ ಬೋರ್ಡಿನ ಗಾಜು, ಗಣಪತಿಗೆ ಒಂದು ಮೊತ್ತ.

ರಾತ್ರಿ ಫೋನಿನಲ್ಲಿ ಹೇಳಿದ: “ಸದ್ಯಕ್ಕ ಇರ್ಲಿ ಬಿಡ್ರಿ ಮಾಮಾ, ಆ ಸಸ್ಪೆಂಡ್ ಆದಾಂವ ನಮ್ಮ ಲೈನಿನವನ. ಆದ್ರ ಎರಡೂ ತಿಂಗಳದು ಪಾವತಿ ಇಸ್ಕೊಂಡೇ ಬಂದೀನಿ.”